ಶುಗರ್ ಲೋ ಆದರೂ ಮೈಗೆ ಗೊತ್ತಾಗುತ್ತಿಲ್ಲವೇ? ಟೈಪ್ ಒನ್ ಸಕ್ಕರೆ ಕಾಯಿಲೆ ಇರುವವರು ಆ ಎಚ್ಚರವನ್ನು ಮರಳಿ ಪಡೆಯುವ ದಾರಿ

ನಾಲ್ಕು ವರ್ಷದ ಹಿಂದೆ, ಡಿಸೆಂಬರ್ ಕೊನೆಯ ವಾರ. ಮಾಗಡಿ ಹತ್ತಿರದ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಅವರೆಕಾಳು ಹಿದುಕುತ್ತಿದ್ದೆವು. ಮಾತು ನಡೆದಿತ್ತು. ಇದ್ದಕ್ಕಿದ್ದಂತೆ ತಂಗಿ ನನ್ನ ಕೈ ಹಿಡಿದಳು. "ಅಕ್ಕಾ, ಬೇಳೆನ ಸಿಪ್ಪೆ ಪುಟ್ಟಿಗೆ ಹಾಕ್ತಾ ಇದೀಯ. ಶುಗರ್ ನೋಡ್ಕೋ." ನನಗೆ ಸಿಟ್ಟು ಬಂತು. ಚೆನ್ನಾಗೇ ಇದೀನಲ್ಲ ಅಂದೆ. ಬೆವರಿಲ್ಲ, ನಡುಕವಿಲ್ಲ, ಹಸಿವೂ ಇಲ್ಲ. ಕೊನೆಗೆ ಅವಳೇ ನನ್ನ ಬೆರಳು ಚುಚ್ಚಿದಳು. ಮೀಟರಿನಲ್ಲಿ 38.

(ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ mg/dL ಲೆಕ್ಕ, 70ಕ್ಕಿಂತ ಕೆಳಗಿಳಿದರೆ ಅದನ್ನೇ ಲೋ ಅನ್ನುತ್ತೇವೆ.) 38 ನನಗೆ ಹೊಸದೇನೂ ಆಗಿರಲಿಲ್ಲ. ಹನ್ನೊಂದನೇ ವಯಸ್ಸಿಗೆ ಟೈಪ್ ಒನ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಸಕ್ಕರೆ ಕಾಯಿಲೆ, ಬಂದವಳು ನಾನು, ಅಷ್ಟು ಹೊತ್ತಿಗೆ ಹದಿನೈದು ವರ್ಷ ಇನ್ಸುಲಿನ್ ಹಾಕಿಕೊಂಡಿದ್ದೆ. ಆದರೆ ಮೊದಲೆಲ್ಲ 65 ಆಗುವಷ್ಟರಲ್ಲೇ ಕೈ ನಡುಗಿ, ಎದೆ ಡವಡವ ಅಂದು ಮೈಯೇ ಹೇಳಿಬಿಡುತ್ತಿತ್ತು. ಅವತ್ತು ಮೈ ಬಾಯಿ ಮುಚ್ಚಿಕೊಂಡಿತ್ತು. ರಾತ್ರಿ ಒಬ್ಬಳೇ ಮಲಗಿದ್ದಾಗ ಹೀಗಾಗಿದ್ದರೆ ಅಂತ ಯೋಚಿಸಿ ಎರಡು ದಿನ ನಿದ್ದೆ ಬರಲಿಲ್ಲ.

ಅದಾದ ಮೇಲೆ ನಾನು ಕಲಿತದ್ದು, ಡಾಕ್ಟರ ಜೊತೆ ಕೂತು ಮಾಡಿದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಲೋ ಗುರುತಿಸುವ ಈ ಎಚ್ಚರ ಒಮ್ಮೆ ಕುಂದಿದರೆ ಹೋಯಿತು ಅಂತಲ್ಲ. ಆ ಎಚ್ಚರವನ್ನು ತಿಂದುಹಾಕುವುದು ಪದೇ ಪದೇ ಬರುವ ಲೋಗಳೇ. ಅವನ್ನು ಕೆಲವು ವಾರ ಪೂರ್ತಿ ನಿಲ್ಲಿಸಿದರೆ ಬಹಳ ಜನರಲ್ಲಿ ಆ ಎಚ್ಚರದ ಒಂದು ದೊಡ್ಡ ಪಾಲು ಮರಳುತ್ತದೆ. ಇನ್ಸುಲಿನ್ ಯೂನಿಟ್ ಬದಲಿಸುವ ಮಾತು ಎಲ್ಲಿ ಬಂದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ. ನನ್ನ ಲೆಕ್ಕ ನಿಮ್ಮ ಮೈಗೆ ಹೊಂದಬೇಕು ಅಂತೇನಿಲ್ಲ.

ಹೆಜ್ಜೆ 1: ಒಳಗೆ ಏನು ಕೆಟ್ಟಿದೆ ಅಂತ ತಿಳಿಯಿರಿ

ಸಕ್ಕರೆ ಕಾಯಿಲೆ ಇಲ್ಲದವರಿಗೆ ಶುಗರ್ ಇಳಿಯತೊಡಗಿದರೆ ಮೂರು ಕಾವಲು ಇವೆ. 80ರ ಆಸುಪಾಸಿಗೆ ಬಂದಾಗಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನು ಕಡಿಮೆ ಮಾಡುತ್ತದೆ. ಇನ್ನೂ ಇಳಿದು 70ರ ಕೆಳಗೆ ಹೋದರೆ ಗ್ಲುಕಗಾನ್ ಎಂಬ ಹಾರ್ಮೋನು ಹೊರಬಂದು, ಕೂಡಿಟ್ಟ ಸಕ್ಕರೆಯನ್ನು ಬಿಡು ಅಂತ ಲಿವರಿಗೆ ಹೇಳುತ್ತದೆ. ಅದರ ಜೊತೆಗೇ ಅಡ್ರಿನಲಿನ್ ಎಂಬ ಗಾಬರಿಯ ಹಾರ್ಮೋನು ಏರುತ್ತದೆ. ದೊಡ್ಡವರ ಲಿವರಿನಲ್ಲಿ ಹೊಟ್ಟೆ ತುಂಬ ಉಂಡ ಮೇಲೆ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಇರುತ್ತದೆ. ಹಾಗಾಗಿ ಅವರಿಗೆ ಒಂದು ಹೊತ್ತಿನ ಊಟ ತಪ್ಪಿದರೂ ಏನೂ ಆಗುವುದಿಲ್ಲ.

ನಮ್ಮಲ್ಲಿ ಮೊದಲ ಕಾವಲು ಇಲ್ಲವೇ ಇಲ್ಲ. ಚುಚ್ಚಿಕೊಂಡ ಇನ್ಸುಲಿನ್ ವಾಪಸ್ ತೆಗೆಯಲು ಆಗಲ್ಲ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಎರಡನೆಯ ಕಾವಲು, ಅಂದರೆ ಗ್ಲುಕಗಾನ್, ಕಾಯಿಲೆ ಬಂದ ಕೆಲವೇ ವರ್ಷಗಳಲ್ಲಿ ಲೋಗೆ ಸ್ಪಂದಿಸುವುದನ್ನು ಬಿಡುತ್ತದೆ. ವಿಚಿತ್ರ ಏನೆಂದರೆ ಗ್ಲುಕಗಾನ್ ಮಾಡುವ ಜೀವಕೋಶಗಳು ಸತ್ತಿರುವುದಿಲ್ಲ. ಪಕ್ಕದ ಕೋಶ ಇನ್ಸುಲಿನ್ ಬಿಡುವುದನ್ನು ನಿಲ್ಲಿಸಿದ್ದೇ ಅವುಗಳಿಗೆ ಸಿಗುವ ಮುಖ್ಯ ಸೂಚನೆ. ಆ ಪಕ್ಕದ ಕೋಶವೇ ಇಲ್ಲದ ಮೇಲೆ ಸೂಚನೆ ಕೊಡುವವರು ಯಾರು? ಆದ್ದರಿಂದ ಉಳಿದದ್ದು ಮೂರನೆಯದು ಒಂದೇ, ಅಡ್ರಿನಲಿನ್. ಅದು ಲಿವರಿನಿಂದ ಸಕ್ಕರೆ ಬಿಡಿಸುತ್ತದೆ. ಅದೇ ಗಾಬರಿಯಲ್ಲಿ ಕೈ ನಡುಕ, ಬೆವರು, ಎದೆಬಡಿತ ಎಲ್ಲ ಬರುತ್ತದೆ. ಅಂದರೆ ನಮ್ಮ ಪಾಲಿಗೆ ಎಚ್ಚರವೂ ಚೇತರಿಕೆಯೂ ಹೆಚ್ಚುಕಡಿಮೆ ಒಂದೇ ದಾರದಲ್ಲಿ ನೇತಾಡುತ್ತಿವೆ.

ಆ ದಾರ ಸವೆಯುವುದು ಹೇಗೆ ಅಂತ ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಿಲಿಪ್ ಕ್ರೈಯರ್. 1991ರಲ್ಲಿ ಅವರು ಮತ್ತು ಸೈಮನ್ ಹೆಲ್ಲರ್ ಸಕ್ಕರೆ ಕಾಯಿಲೆ ಇಲ್ಲದ ಜನರಲ್ಲೇ ಪ್ರಯೋಗ ಮಾಡಿದರು. ಒಂದು ದಿನ ಮಧ್ಯಾಹ್ನ ಅವರ ಶುಗರ್ ಇಳಿಸಿ, ಮರುದಿನ ಬೆಳಗ್ಗೆ ಮತ್ತೆ ಇಳಿಸಿದಾಗ ಮೈಯ ಪ್ರತಿಕ್ರಿಯೆ ಕಡಿಮೆಯಾಗಿತ್ತು, ಲಕ್ಷಣಗಳೂ ಮಂಕಾಗಿದ್ದವು. ಒಂದೇ ಒಂದು ಲೋಗೆ! 1993ರಲ್ಲಿ ಟೈಪ್ ಒನ್ ಇರುವವರಲ್ಲೂ ಅದೇ ಕಂಡಿತು. ನಾನಾದರೋ ದಿನಕ್ಕೊಂದು 55, 58 ಕಂಡು, ಒಂದು ಬಾಳೆಹಣ್ಣು ತಿಂದು, ಏನೂ ಆಗಿಲ್ಲ ಎಂಬಂತೆ ಇದ್ದುಬಿಡುತ್ತಿದ್ದೆ.

ಹೆಜ್ಜೆ 2: ನೀವು ಎಲ್ಲಿದ್ದೀರಿ ನೋಡಿಕೊಳ್ಳಿ

ಒಂದು ಪ್ರಶ್ನೆ ಸಾಕು, ಇದನ್ನು ಗೋಲ್ಡ್ ಸ್ಕೋರ್ ಅನ್ನುತ್ತಾರೆ. ಲೋ ಶುರುವಾಗುವಾಗ ನಿಮಗೆ ಗೊತ್ತಾಗುತ್ತದಾ? ಯಾವಾಗಲೂ ಗೊತ್ತಾಗುತ್ತದೆ ಅಂದರೆ 1, ಯಾವತ್ತೂ ಗೊತ್ತಾಗಲ್ಲ ಅಂದರೆ 7. ನಡುವೆ ನಿಮ್ಮ ಜಾಗ ಎಲ್ಲಿ ಅಂತ ಪ್ರಾಮಾಣಿಕವಾಗಿ ಹೇಳಿಕೊಳ್ಳಿ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರ ಕುಂದಿದೆ ಅಂತ ಲೆಕ್ಕ. ದೊಡ್ಡವರಲ್ಲಿ ಟೈಪ್ ಒನ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರು ಇಲ್ಲಿದ್ದಾರೆ, ಹಾಗಾಗಿ ನೀವು ಒಬ್ಬರೇ ಅಲ್ಲ. ನನ್ನದು 5 ಇತ್ತು. ಅದೇ ಪ್ರಶ್ನೆಯನ್ನು ಮನೆಯವರಿಗೂ ಕೇಳಿ. ನಾನು 3 ಅಂದುಕೊಂಡಿದ್ದೆ, 5 ಅಂದವಳು ತಂಗಿ, ಅವಳು ಹೇಳಿದ್ದೇ ಸರಿ.

ಇನ್ನು ಅಂಕಿಗಳು. 70ಕ್ಕಿಂತ ಕೆಳಗೆ ಬಂದರೆ ಲೋ. 54ಕ್ಕಿಂತ ಕೆಳಗೆ ಬಂದರೆ ಗಂಭೀರ, ಆ ಮಟ್ಟದಲ್ಲಿ ಮಿದುಳಿಗೇ ಸಕ್ಕರೆ ಸಾಲುವುದಿಲ್ಲ. ಬೇರೆಯವರ ಸಹಾಯ ಬೇಕಾಯಿತು ಅಂದರೆ ಮೀಟರ್ ಏನೇ ತೋರಿಸಲಿ, ಅದು ತೀವ್ರ ಲೋ. ಮೈಗೆ ಅಂಟಿಕೊಂಡು ಸದಾ ಶುಗರ್ ಅಳೆಯುವ ಸೆನ್ಸರ್ ಹಾಕಿಕೊಂಡವರು ಅದರ ವರದಿಯಲ್ಲಿ 70ರ ಕೆಳಗಿನ ಸಮಯ 4 ಶೇಕಡಾಕ್ಕಿಂತ, 54ರ ಕೆಳಗಿನದು 1 ಶೇಕಡಾಕ್ಕಿಂತ ಕಡಿಮೆ ಇದೆಯಾ ನೋಡಿ. ಶೇಕಡಾ 4 ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ.

ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಒಂದನ್ನೇ ನಂಬಬೇಡಿ. ಆ ವರ್ಷ ನನ್ನದು 6.4 ಬಂದಿತ್ತು. ಎಲ್ಲರೂ ಹೊಗಳಿದರು, ನಾನೂ ಖುಷಿಪಟ್ಟೆ. ಮಧ್ಯರಾತ್ರಿಯ 45, ಬೆಳಗ್ಗೆಯ 230, ಎರಡೂ ಸೇರಿ ಆ ಚೆಂದದ ಸರಾಸರಿ ಹುಟ್ಟಿತ್ತು.

ಹೆಜ್ಜೆ 3: ಲೋ ಬಂದಾಗ ಸರಿಯಾಗಿ ಏರಿಸುವುದು

ಇದು ಎಲ್ಲರಿಗೂ ಗೊತ್ತು ಅಂತ ಅಂದುಕೊಂಡಿರುತ್ತೇವೆ, ಆದರೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಇಲ್ಲೇ ತಪ್ಪು ನಡೆಯುತ್ತದೆ. ನಿಯಮ ಸರಳ: 15 ಗ್ರಾಂ ಬೇಗ ಏರಿಸುವ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೆ ನೋಡುವುದು, ಇನ್ನೂ 70ರ ಕೆಳಗಿದ್ದರೆ ಮತ್ತೆ 15 ಗ್ರಾಂ. ಮೀಟರ್ 54ಕ್ಕಿಂತ ಕಡಿಮೆ ತೋರಿಸಿದರೆ ನಾನು 20 ಗ್ರಾಂ ತಗೊಳ್ಳುತ್ತೇನೆ. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 0.3 ಗ್ರಾಂ. 20 ಕಿಲೋ ಮಗುವಿಗೆ 6 ಗ್ರಾಂ ಸಾಕು. ತಾನಾಗಿ ಇನ್ಸುಲಿನ್ ನಿಲ್ಲಿಸುವ ಪಂಪ್ (ಮೈಗೆ ಸದಾ ಇನ್ಸುಲಿನ್ ಹರಿಸುವ ಯಂತ್ರ) ಇರುವವರಿಗೆ ಹಲವು ಸಲ ಇದಕ್ಕಿಂತ ಕಡಿಮೆ ಸಾಕಾಗುತ್ತದೆ.

ಏನು ತಗೊಳ್ಳಬೇಕು? ಗ್ಲೂಕೋಸ್ ಪುಡಿ ಎಲ್ಲಕ್ಕಿಂತ ಒಳ್ಳೆಯದು. ಮನೆಯ ಸಕ್ಕರೆಯಲ್ಲಿ ಅರ್ಧ ಮಾತ್ರ ಗ್ಲೂಕೋಸ್, ಉಳಿದರ್ಧ ಫ್ರಕ್ಟೋಸ್, ಅದು ರಕ್ತದ ಶುಗರನ್ನು ಅಷ್ಟು ಬೇಗ ಏರಿಸುವುದಿಲ್ಲ. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆ ಖಂಡಿತ ಆಗುತ್ತದೆ, ಮಟ್ಟಸವಾದ ಮೂರು ನಾಲ್ಕು ಟೀ ಚಮಚ ನೀರಲ್ಲಿ ಕಲಸಿ ಕುಡಿಯಿರಿ. ಒಂದು ಎಚ್ಚರಿಕೆ: ಯಾರಾದರೂ ಅಕಾರ್ಬೋಸ್ ಅಥವಾ ವೊಗ್ಲಿಬೋಸ್ ಮಾತ್ರೆ ತಗೊಳ್ಳುತ್ತಿದ್ದರೆ ಅವರಿಗೆ ಗ್ಲೂಕೋಸೇ ಬೇಕು, ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಮೈಸೂರ್ ಪಾಕ್, ಚಾಕೊಲೇಟ್, ಹಾಲು ಬೇಡ. ಕೊಬ್ಬು ಇದ್ದರೆ ಹೊಟ್ಟೆಯಿಂದ ಸಕ್ಕರೆ ಕೆಳಗಿಳಿಯುವುದೇ ತಡ. ಎಳನೀರಿನಲ್ಲಿ ಸಕ್ಕರೆ ಎಷ್ಟಿದೆ ಅನ್ನುವುದು ಕಾಯಿಯಿಂದ ಕಾಯಿಗೆ ಬೇರೆ, ಲೆಕ್ಕಕ್ಕೆ ಸಿಗಲ್ಲ.

ನಾನು ಮಾಡಿದ ಒಂದು ಕೆಲಸ ನೀವೂ ಮಾಡಿ. ಅಂಗಡಿಯವರ ತಕ್ಕಡಿಯಲ್ಲಿ ಗ್ಲೂಕೋಸ್ ಪುಡಿ 15 ಗ್ರಾಂ ತೂಗಿಸಿ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿಸಿಕೊಂಡೆ. ದಿಂಬಿನ ಕೆಳಗೆ ಎರಡು, ಸ್ಕೂಟರಿನ ಡಿಕ್ಕಿಯಲ್ಲಿ ಎರಡು, ಪರ್ಸಿನಲ್ಲಿ ಎರಡು. ಲೋ ಆದಾಗ ಚಮಚ ಹುಡುಕಿ ಎಣಿಸುವಷ್ಟು ತಲೆ ಓಡುವುದಿಲ್ಲ, ಪೊಟ್ಟಣ ಹರಿದು ಬಾಯಿಗೆ ಹಾಕಿಕೊಂಡರಾಯಿತು.

ಆ 15 ನಿಮಿಷ ಕಾಯುವುದು ಇದೆಯಲ್ಲ, ಅದೇ ಕಷ್ಟ. ಮಿದುಳು ತಿನ್ನು ತಿನ್ನು ಅಂತ ಕೂಗುತ್ತಿರುತ್ತದೆ, ಕೈಗೆ ಸಿಕ್ಕಿದ್ದೆಲ್ಲ ತಿಂದು, ಒಂದು ಗಂಟೆ ಬಿಟ್ಟು ನೋಡಿದರೆ 310, ಅದನ್ನು ಇಳಿಸಲು ಮತ್ತೆ ಇನ್ಸುಲಿನ್, ಮೂರು ಗಂಟೆ ಬಿಟ್ಟು ಮತ್ತೆ ಲೋ. ಈ ಸರಪಳಿಯೇ ಎಚ್ಚರವನ್ನು ಕೊಲ್ಲುತ್ತದೆ. ದೊಡ್ಡವರಲ್ಲಿ 15 ಗ್ರಾಂ ಗ್ಲೂಕೋಸ್ ಸಾಮಾನ್ಯವಾಗಿ 40ರ ಆಸುಪಾಸು ಏರಿಸುತ್ತದೆ ಅಂತ ನೆನಪಿಟ್ಟುಕೊಂಡರೆ ಸ್ವಲ್ಪ ಧೈರ್ಯ ಬರುತ್ತದೆ. ಕಾಯುವಾಗ ಕೂತಿರಿ, ಓಡಾಡಬೇಡಿ. ಮತ್ತೆ ನೋಡುವಾಗ ಬೆರಳು ಚುಚ್ಚಿಯೇ ನೋಡಿ, ಯಾಕೆಂದರೆ ಸೆನ್ಸರ್ ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತದೆ, ನೀವು ಏರಿದ್ದರೂ ಅದು ಇನ್ನೂ ಲೋ ಅಂತಲೇ ತೋರಿಸಬಹುದು. ಬೆರಳು ತೊಳೆದುಕೊಳ್ಳಿ. ಗ್ಲೂಕೋಸ್ ಪುಡಿ ಅಂಟಿದ ಬೆರಳು 200 ತೋರಿಸಿ ಮೋಸ ಮಾಡುತ್ತದೆ.

ಏರಿದ ಮೇಲೆ ಮುಂದಿನ ಊಟ ದೂರವಿದ್ದರೆ, ಅದರಲ್ಲೂ ಪ್ಲೇನ್ (ಊಟಕ್ಕೆ ಹಾಕುವ ಹಳೆಯ ಬಗೆ) ಅಥವಾ ಎನ್‌ಪಿಎಚ್ (ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುವ ಬಗೆ) ಇನ್ಸುಲಿನ್ ಹಾಕುವವರು, ಒಂದು ಇಡ್ಲಿಯೋ ಎರಡು ಬಿಸ್ಕತ್ತೋ ತಿನ್ನಿ. ಊಟಕ್ಕೆ ಮುಂಚೆ ಲೋ ಆಗಿದ್ದರೆ ಗ್ಲೂಕೋಸ್ ಮೊದಲು, 70 ದಾಟಿದ ಮೇಲೆ ಊಟ. ಊಟದ ಇನ್ಸುಲಿನ್ ಪೂರ್ತಿ ಬಿಟ್ಟುಬಿಡಬೇಡಿ, ಎಷ್ಟು ಕಡಿಮೆ ಮಾಡಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಗಾಡಿ ಓಡಿಸುವವರಿಗೆ ಒಂದು ಮಾತು. ಶುಗರ್ ಸರಿಯಾದ ಮೇಲೂ ಮಿದುಳು ಪೂರ್ತಿ ತಿಳಿಯಾಗಲು ಹೊತ್ತು ಬೇಕು. ಬ್ರಿಟನ್ನಿನಲ್ಲಿ ಲೋ ಸರಿಯಾಗಿ 45 ನಿಮಿಷ ಆಗುವ ತನಕ ಗಾಡಿ ಮುಟ್ಟಬೇಡಿ ಅನ್ನುತ್ತಾರೆ, ಹೊರಡುವಾಗ 90ಕ್ಕಿಂತ ಮೇಲಿರಬೇಕು. ನಮ್ಮ ರಸ್ತೆಗಳಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಅಲ್ವಾ?

ಹೆಜ್ಜೆ 4: ಮೂರು ವಾರ, ಒಂದೂ ಲೋ ಇಲ್ಲದೆ

ಇಡೀ ಬರಹದ ತಿರುಳು ಇದು. 1990ರ ದಶಕದ ಮೊದಲ ವರ್ಷಗಳಲ್ಲಿ ಇಟಲಿ, ಇಂಗ್ಲೆಂಡ್, ಅಮೆರಿಕ ಮೂರೂ ಕಡೆ ಒಂದೇ ಬಗೆಯ ಪ್ರಯೋಗ ನಡೆಯಿತು. ಎಚ್ಚರ ಕುಂದಿದವರಲ್ಲಿ ಲೋಗಳನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದರು. ಎರಡು ಮೂರು ವಾರಗಳಲ್ಲೇ ಲಕ್ಷಣಗಳು ಮರಳತೊಡಗಿದವು, ಕೆಲವು ತಿಂಗಳಲ್ಲಿ ಇನ್ನೂ ಸುಧಾರಿಸಿದವು. ಅಡ್ರಿನಲಿನ್ ಸ್ವಲ್ಪ ಮಟ್ಟಿಗೆ ಮಾತ್ರ ಮರಳಿತು, ಗ್ಲುಕಗಾನ್ ಹೆಚ್ಚುಕಡಿಮೆ ಮರಳಲೇ ಇಲ್ಲ. ಇದನ್ನು ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಮೊದಲಿನಂತಾಗುತ್ತದೆ ಅಂತ ನಂಬಿಸಿದರೆ ತಪ್ಪಾಗುತ್ತದೆ. ಆದರೆ ಲಕ್ಷಣ ಮರಳಿದರೆ ಸಾಕು, ಕೈಗೆ ಪೊಟ್ಟಣ ಬರುತ್ತದೆ.

ಲೋ ತಪ್ಪಿಸಲು ಹೋದರೆ ಶುಗರ್ ಮೇಲೇ ನಿಲ್ಲುತ್ತದಲ್ಲ, ಕಣ್ಣು ಕಿಡ್ನಿ ಕೆಡುತ್ತದಲ್ಲ? ನನಗೂ ಇದೇ ಹೆದರಿಕೆ ಇತ್ತು. ಬ್ರಿಟನ್ನಿನಲ್ಲಿ 96 ಜನರ ಮೇಲೆ 24 ವಾರ ನಡೆದು 2014ರಲ್ಲಿ ಪ್ರಕಟವಾದ ಹೈಪೋಕಂಪಾಸ್ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಎಚ್ಚರ ಸುಧಾರಿಸಿತು, ತೀವ್ರ ಲೋಗಳು ಬಹಳ ಕಡಿಮೆಯಾದವು, ಮೂರು ತಿಂಗಳ ಸರಾಸರಿ ಕೆಡಲಿಲ್ಲ. ಇನ್ನೊಂದು ಸಂಗತಿ ನಮ್ಮಂಥವರಿಗೆ ಮುಖ್ಯ. ಪಂಪ್ ಹಾಕಿದವರಿಗೂ ದಿನಕ್ಕೆ ನಾಲ್ಕೈದು ಸಲ ಚುಚ್ಚಿಕೊಂಡವರಿಗೂ ಎಚ್ಚರ ಒಂದೇ ಥರ ಸುಧಾರಿಸಿತು. ದುಡ್ಡಿಲ್ಲ ಅಂತ ಕೈ ಚೆಲ್ಲಬೇಕಿಲ್ಲ.

ಮೊದಲು ಗುರಿ ಬದಲಿಸಿ. ನನಗೆ ಡಾಕ್ಟರು ಕೊಟ್ಟದ್ದು ಊಟಕ್ಕೆ ಮುಂಚೆ 110ರಿಂದ 150, ಮಲಗುವಾಗ 140ರಿಂದ 180. ರಾತ್ರಿಯ ಇನ್ಸುಲಿನ್ 18 ಯೂನಿಟ್‌ನಿಂದ 15ಕ್ಕೆ ಇಳಿಸಿದರು. ಗರ್ಭಿಣಿಯರ ಗುರಿ ಬೇರೆ, ಅವರು ಈ ಅಂಕಿಗಳನ್ನು ಹಿಡಿಯಬಾರದು. ಸೆನ್ಸರ್ ಇದ್ದರೆ ಲೋ ಅಲಾರಂ ಅನ್ನು 70ರಿಂದ 85ಕ್ಕೆ ಏರಿಸಿ, ಅದು ಕೂಗಿದಾಗ ಐದಾರು ಗ್ರಾಂ ಗ್ಲೂಕೋಸ್ ತಗೊಂಡು ಲೋ ಆಗುವ ಮುಂಚೆಯೇ ತಡೆಯಿರಿ. ಸೆನ್ಸರ್ ಇಲ್ಲದಿದ್ದರೆ ಮೂರು ಊಟದ ಮುಂಚೆ, ಮಲಗುವಾಗ, ವಾರಕ್ಕೆ ಎರಡು ಮೂರು ಸಲ ಬೆಳಗಿನ ಜಾವ 3 ಗಂಟೆಗೆ ಬೆರಳು ಚುಚ್ಚಿ. ಸ್ಟ್ರಿಪ್ ಖರ್ಚು ಜಾಸ್ತಿ, ಗೊತ್ತು. ನಾನು ಆ ಮೂರು ವಾರಕ್ಕಾಗಿ ಎರಡು ತಿಂಗಳು ಸ್ಟ್ರಿಪ್ ಕೂಡಿಟ್ಟೆ.

ಆಮೇಲೆ ಲೋ ಎಲ್ಲಿಂದ ಬರುತ್ತಿದೆ ಅಂತ ಬೇರು ಹುಡುಕಿ.

ಸಿರಿಂಜು ನೋಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ ಮಿಲಿಗೆ 100 ಯೂನಿಟ್. 100ರ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ ಸಿರಿಂಜು. ಪೆನ್ ಕೆಟ್ಟಿತು ಅಂತ 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಎರಡೂವರೆ ಪಟ್ಟು! ಈ ಒಂದು ತಪ್ಪಿಗೆ ಜೀವ ಹೋಗಬಹುದು, ದಯವಿಟ್ಟು ಮನೆಯ ಎಲ್ಲರಿಗೂ ಹೇಳಿಡಿ.

ಚುಚ್ಚುವ ಜಾಗ ಮುಟ್ಟಿ ನೋಡಿ. ಒಂದೇ ಕಡೆ ವರ್ಷಗಟ್ಟಲೆ ಚುಚ್ಚಿದರೆ ಅಲ್ಲಿ ಮೆತ್ತನೆಯ ಗಂಟು ಕಟ್ಟುತ್ತದೆ. ನೋವಾಗಲ್ಲ ಅಂತ ಮತ್ತೆ ಅಲ್ಲೇ ಚುಚ್ಚುತ್ತೇವೆ. ಗಂಟಿನಿಂದ ಇನ್ಸುಲಿನ್ ಒಂದು ದಿನ ಹೀರಿಕೊಳ್ಳುತ್ತದೆ, ಒಂದು ದಿನ ಇಲ್ಲ. ನನ್ನ ಹೊಟ್ಟೆಯ ಎಡಗಡೆ ನಿಂಬೆಹಣ್ಣಿನಷ್ಟು ಗಂಟಿತ್ತು. ಅದನ್ನು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಯೂನಿಟ್ ಕಡಿಮೆ ಮಾಡಲೇಬೇಕು, ಇಲ್ಲದಿದ್ದರೆ ಮೊದಲ ದಿನವೇ ಲೋ. ಎಷ್ಟು ಅಂತ ಡಾಕ್ಟರು ಹೇಳುತ್ತಾರೆ.

ಇನ್ಸುಲಿನ್ ಮೇಲೆ ಇನ್ಸುಲಿನ್ ಹಾಕಬೇಡಿ. ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್‌ಗಳು ಕೂಡ ಸುಮಾರು 4 ಗಂಟೆ ಮೈಯಲ್ಲಿರುತ್ತವೆ. ಪ್ಲೇನ್ ಇನ್ಸುಲಿನ್ 6ರಿಂದ 8 ಗಂಟೆ. ಊಟವಾಗಿ ಎರಡು ಗಂಟೆಗೆ 260 ಕಂಡು ಹೆದರಿ ಮತ್ತೆ ಹಾಕಿದರೆ ಎರಡೂ ಸೇರಿ ಕೆಳಗೆ ಎಳೆಯುತ್ತವೆ. ಎನ್‌ಪಿಎಚ್ ಅಥವಾ 30/70 ಮಿಕ್ಸ್ (ಪ್ಲೇನ್, ಎನ್‌ಪಿಎಚ್ ಬೆರೆಸಿದ್ದು) ರಾತ್ರಿ ಊಟಕ್ಕೆ ಹಾಕುವವರಿಗೆ ಅದರ ಜೋರು ಮಧ್ಯರಾತ್ರಿ ದಾಟಿದ ಮೇಲೆ ಬರುತ್ತದೆ, ಆ ಹೊತ್ತಿಗೆ ಹೊಟ್ಟೆ ಖಾಲಿ. ಇಂಥವರಿಗೆ ಪದೇ ಪದೇ ರಾತ್ರಿ ಲೋ ಆಗುತ್ತಿದ್ದರೆ ಇನ್ಸುಲಿನ್ ಬಗೆಯನ್ನೇ ಬದಲಿಸಬಹುದೇ ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ರಾತ್ರಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಿದ್ದೆಯಲ್ಲಿ ಅಡ್ರಿನಲಿನ್ ಪ್ರತಿಕ್ರಿಯೆ ಹಗಲಿಗಿಂತ ಕಡಿಮೆ. ಅದಕ್ಕೇ ರಾತ್ರಿಯ ಲೋ ನಮ್ಮನ್ನು ಎಬ್ಬಿಸದೆ ಗಂಟೆಗಟ್ಟಲೆ ಇರಬಹುದು, ಬೆಳಗ್ಗೆ ತಲೆನೋವು, ಒದ್ದೆ ದಿಂಬು, ಸುಸ್ತು ಅಷ್ಟೇ ಗುರುತು. ಹಗಲಿನ ಎಚ್ಚರವನ್ನು ಕದಿಯುತ್ತಿರುವುದು ಇದೇ ಇರಬಹುದು. ನನ್ನದು ಹೀಗೇ ಆಗಿತ್ತು, ಸೆನ್ಸರ್ ಹದಿನಾಲ್ಕು ದಿನ ಹಾಕಿದಾಗ ಆರು ರಾತ್ರಿ 55ರ ಕೆಳಗೆ ಹೋಗಿದ್ದು ಗೊತ್ತಾಯಿತು. ಆದರೆ ಸೆನ್ಸರ್ ಇರುವ ತೋಳಿನ ಮೇಲೇ ಮಲಗಿದರೆ ಅದು ಸುಳ್ಳು ಲೋ ತೋರಿಸುತ್ತದೆ, ಆದ್ದರಿಂದ ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ವ್ಯಾಯಾಮ ಬಿಡಬೇಕಿಲ್ಲ, ಲೆಕ್ಕ ಬೇಕು. ಲೋ ಮತ್ತು ವ್ಯಾಯಾಮ ಒಂದು ಇನ್ನೊಂದರ ಎಚ್ಚರವನ್ನು ಮಂಕು ಮಾಡುತ್ತವೆ. ಇವತ್ತು ಜೋರಾಗಿ ಮೈ ದಣಿಸಿದರೆ ನಾಳೆ ಲೋಗೆ ಪ್ರತಿಕ್ರಿಯೆ ಕಡಿಮೆ, ಇವತ್ತು ಲೋ ಆದರೆ ನಾಳೆ ನಡೆಯುವಾಗ ಶುಗರ್ ಬೇಗ ಬೀಳುತ್ತದೆ. ಗದ್ದೆ ಕೆಲಸ, ಮನೆ ಸಾರಿಸಿ ಗುಡಿಸುವ ಹಬ್ಬದ ಕೆಲಸ, ಬೆಟ್ಟ ಹತ್ತುವುದು ಎಲ್ಲವೂ ಇದರಲ್ಲಿ ಸೇರುತ್ತದೆ. ಶುರು ಮಾಡುವಾಗ 126ರಿಂದ 180ರೊಳಗೆ ಇರಲಿ, 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ತಿಂದು ಹೊರಡಿ. ತೀವ್ರ ಲೋ ಆಗಿ 24 ಗಂಟೆ ಆಗದಿದ್ದರೆ ಅವತ್ತು ಬೇಡ. ಭಾರ ಎತ್ತುವ ವ್ಯಾಯಾಮ ಮೊದಲು ಮಾಡಿ ಆಮೇಲೆ ನಡೆದರೆ ಶುಗರ್ ಬೀಳುವುದು ಕಡಿಮೆ. ನಡಿಗೆಯ ಕೊನೆಗೆ 10 ಸೆಕೆಂಡ್ ಪೂರ್ತಿ ಬಲದಿಂದ ಓಡುವುದೂ ಸಹಾಯ ಮಾಡುತ್ತದೆ, ಅಷ್ಟರಲ್ಲೇ ಅಡ್ರಿನಲಿನ್ ಏರಿ ಲಿವರಿನಿಂದ ಸಕ್ಕರೆ ಬಿಡಿಸುತ್ತದೆ. ಸಂಜೆ ಜಾಸ್ತಿ ದಣಿದ ದಿನ ರಾತ್ರಿಯ ಇನ್ಸುಲಿನ್ ಸುಮಾರು 20 ಶೇಕಡಾ ಕಡಿಮೆ ಮಾಡುವುದು ವಾಡಿಕೆ, ನಿಮಗೆ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಈ ವಾರಗಳಲ್ಲಿ ಸಂಕಷ್ಟಿ, ಏಕಾದಶಿ ಉಪವಾಸ ಬೇಡ. ದೇವರು ಮುನಿಯುವುದಿಲ್ಲ, ನಮ್ಮ ಅಜ್ಜಿಯೇ ನನಗೆ ಹಾಗೆ ಹೇಳಿ ಉಪವಾಸ ಬಿಡಿಸಿದರು. ಮದುವೆ ಮನೆಗೆ ಹೋದರೆ ಎಲೆ ಹಾಕಿ ಅನ್ನ ಬಡಿಸುವುದನ್ನು ಕಣ್ಣಾರೆ ನೋಡಿದ ಮೇಲೆ ಊಟದ ಇನ್ಸುಲಿನ್ ಹಾಕಿ. ಇನ್ನೇನು ಪಂಕ್ತಿ ಏಳುತ್ತದೆ ಅನ್ನುವ ಮಾತನ್ನು ನಂಬಿ ಹಾಕಿಕೊಂಡು ಒಂದು ಗಂಟೆ ನಿಂತಿದ್ದೇನೆ ನಾನು. ಮದ್ಯ ಕುಡಿಯುವವರು ಈ ಮೂರು ವಾರ ಮುಟ್ಟದಿರಿ, ಮದ್ಯ ಲಿವರ್ ಹೊಸದಾಗಿ ಸಕ್ಕರೆ ತಯಾರಿಸುವುದನ್ನೇ ತಡೆಯುತ್ತದೆ.

ನಡುವೆ ಒಂದು ಲೋ ಆಗಿಬಿಟ್ಟರೆ? ನನಗೆ ಒಂಬತ್ತನೇ ದಿನ 61 ಬಂತು. ಬೇಜಾರಾಯಿತು. ಕಾರಣ ಬರೆದಿಟ್ಟು, ಎಣಿಕೆ ಮತ್ತೆ ಒಂದರಿಂದ ಶುರು ಮಾಡಿದೆ.

ಹೆಜ್ಜೆ 5: ಸಣ್ಣ ಸುಳಿವುಗಳನ್ನು ಓದಲು ಕಲಿಯಿರಿ

ಮೈ ಮತ್ತೆ ಮಾತಾಡತೊಡಗಿದಾಗ ಮೊದಲಿನ ಭಾಷೆಯಲ್ಲೇ ಮಾತಾಡುತ್ತದೆ ಅಂತ ಕಾಯಬೇಡಿ. ನಡುಕ ಬಾರದೆ ತುಟಿ ಜುಮ್ಮೆನ್ನಬಹುದು, ಅದೇ ಸಾಲನ್ನು ಎರಡು ಸಲ ಓದಬಹುದು, ಕಾರಣವಿಲ್ಲದೆ ಮನೆಯವರ ಮೇಲೆ ರೇಗಬಹುದು, ಬೆಳಕು ಕಣ್ಣಿಗೆ ಚುಚ್ಚಬಹುದು. ಇವು ಮಿದುಳಿಗೆ ಸಕ್ಕರೆ ಸಾಲದ ಗುರುತುಗಳು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ತರಬೇತಿಯೊಂದರ ಮುಖ್ಯ ಅಭ್ಯಾಸವನ್ನು ಮನೆಯಲ್ಲೇ ಮಾಡಬಹುದು. ಬೆರಳು ಚುಚ್ಚುವ ಮುಂಚೆ ಒಂದು ನಿಮಿಷ ನಿಂತು, ಮೈ ಹೇಗಿದೆ ಅಂತ ಗಮನಿಸಿ, ಶುಗರ್ ಎಷ್ಟಿರಬಹುದು ಅಂತ ಊಹಿಸಿ ಬರೆಯಿರಿ. ಆಮೇಲೆ ನೋಡಿ. ಮೊದಲ ವಾರ ನನ್ನ ಊಹೆ ದಿಕ್ಕಾಪಾಲಾಗಿತ್ತು. ಮೂರನೇ ವಾರಕ್ಕೆ, ತುಟಿ ಜುಮ್ಮೆಂದಾಗಲೆಲ್ಲ 80ರ ಕೆಳಗಿರುತ್ತದೆ ಅನ್ನುವುದು ಪುಸ್ತಕದಲ್ಲಿ ಕಪ್ಪು ಬಿಳುಪಾಗಿ ಕಾಣುತ್ತಿತ್ತು. ನಾನು ಇನ್ನೊಂದು ಸೇರಿಸಿಕೊಂಡೆ, ಹದಿನೇಳರ ಮಗ್ಗಿ. ಅನುಮಾನ ಬಂದರೆ ಮನಸ್ಸಲ್ಲೇ ಹೇಳುತ್ತೇನೆ, ಎಲ್ಲಾದರೂ ತಡವರಿಸಿದರೆ ಮೀಟರ್ ತೆಗೆಯುತ್ತೇನೆ.

ಕಾಫಿ ಪ್ರಿಯರಿಗೆ ಒಂದು ಸಂಗತಿ. ಕೆಫೀನ್ ಲೋ ಲಕ್ಷಣಗಳನ್ನು ಸ್ವಲ್ಪ ಜೋರಾಗಿಸುತ್ತದೆ ಅಂತ 1990ರ ದಶಕದ ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕಾಗಿ ಲೋಟಗಟ್ಟಲೆ ಕುಡಿಯಬೇಕಿಲ್ಲ, ಬೆಳಗಿನ ಕಾಫಿಯನ್ನು ಬಿಡಬೇಕಿಲ್ಲ ಅಷ್ಟೇ. ಇದಕ್ಕೆ ಉಲ್ಟಾ, ಬಿಪಿಗೋ ತಲೆನೋವಿಗೋ ಕೊಡುವ ಪ್ರೊಪ್ರನೊಲಾಲ್ ಥರದ ಮಾತ್ರೆ ನಡುಕ, ಎದೆಬಡಿತವನ್ನು ಮುಚ್ಚಿಹಾಕುತ್ತದೆ. ಬೆವರು ಮಾತ್ರ ಬರುತ್ತದೆ. ಅಂಥ ಮಾತ್ರೆ ತಗೊಳ್ಳುವವರು ಬೆವರನ್ನೇ ನಂಬಿ.

ನನಗೆ ಐದನೇ ವಾರದಲ್ಲಿ, ಬಸ್ಸಿಗೆ ಕಾಯುತ್ತಾ ನಿಂತಾಗ, ಕೈ ನಡುಗಿತು. ಎಷ್ಟೋ ವರ್ಷದ ಮೇಲೆ. ಚುಚ್ಚಿ ನೋಡಿದರೆ 68. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಗ್ಲೂಕೋಸ್ ತಿನ್ನುತ್ತಾ ಅತ್ತುಬಿಟ್ಟೆ.

ಹೆಜ್ಜೆ 6: ಮನೆಯವರನ್ನು ತಯಾರು ಮಾಡಿ

ಶುಗರ್ ಚೆನ್ನಾಗಿದ್ದಾಗಲೇ ಒಪ್ಪಂದ ಮಾಡಿಕೊಳ್ಳಿ. ಲೋ ಆದವರು ವಾದ ಮಾಡುತ್ತಾರೆ, ಬೇಡ ಅನ್ನುತ್ತಾರೆ. ಆಗ ಮನೆಯವರು ವಾದಕ್ಕಿಳಿಯದೆ ಪೊಟ್ಟಣ ಹರಿದು ಕೈಗಿಡಬೇಕು, ಇಷ್ಟೇ. ನಮ್ಮ ಮನೆಯಲ್ಲಿ ತಂಗಿ ಕೈಗೆ ಕೊಟ್ಟದ್ದನ್ನು ನಾನು ಪ್ರಶ್ನೆ ಮಾಡದೆ ತಿನ್ನಬೇಕು ಅಂತ ಮಾತಾಗಿದೆ.

ಪ್ರಜ್ಞೆ ತಪ್ಪಿದರೆ ಅಥವಾ ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬಾರದು. ಸಕ್ಕರೆ ನೀರು ಸುರಿದರೆ ಉಸಿರಿನ ದಾರಿಗೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಗ್ಲುಕಗಾನ್ ಕಿಟ್ ಇದ್ದರೆ ಹಾಕಿ, 108ಕ್ಕೆ ಫೋನ್ ಮಾಡಿ, ಟೈಪ್ ಒನ್ ಇದೆ, ಶುಗರ್ ಲೋ ಆಗಿದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಕಿಟ್‌ನಲ್ಲಿ ಪುಡಿ ಮತ್ತು ದ್ರವ ಬೇರೆ ಬೇರೆ ಇರುತ್ತವೆ, ಕಲಸಿ ತೊಡೆಗೆ ಚುಚ್ಚಬೇಕು. ದೊಡ್ಡವರಿಗೆ 1 ಮಿಲಿಗ್ರಾಂ ಪೂರ್ತಿ, 25 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅರ್ಧ. ಎಚ್ಚರವಾಗಲು 10ರಿಂದ 15 ನಿಮಿಷ ಬೇಕು, ವಾಂತಿ ಆಗಬಹುದು, ಅದಕ್ಕೇ ಮಗ್ಗುಲಾಗಿ ಮಲಗಿಸುವುದು. ಎಚ್ಚರವಾದ ಮೇಲೆ ಏನಾದರೂ ತಿನ್ನಿಸಿ. ಲಿವರಿನಲ್ಲಿ ಸಕ್ಕರೆ ಇಲ್ಲದಿದ್ದರೆ, ಅಂದರೆ ಉಪವಾಸವಿದ್ದರೆ ಅಥವಾ ಕುಡಿದಿದ್ದರೆ, ಗ್ಲುಕಗಾನ್ ಸರಿಯಾಗಿ ಕೆಲಸ ಮಾಡಲ್ಲ, ಆಸ್ಪತ್ರೆಯಲ್ಲಿ ನರಕ್ಕೆ ಡೆಕ್ಸ್ಟ್ರೋಸ್ (ಗ್ಲೂಕೋಸ್ ದ್ರಾವಣ) ಹಾಕಲೇಬೇಕು. ಸಣ್ಣ ಊರುಗಳ ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುವುದು ಕಷ್ಟ, ಮೊದಲೇ ಹೇಳಿ ತರಿಸಿಡಿ, ಎಕ್ಸ್‌ಪೈರಿ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡಿ.

ಮಗು ಶಾಲೆಗೆ ಹೋಗುತ್ತಿದ್ದರೆ ಕ್ಲಾಸ್ ಟೀಚರಿಗೂ ಪಕ್ಕ ಕೂರುವ ಗೆಳೆಯನಿಗೂ ಪೊಟ್ಟಣ ಎಲ್ಲಿದೆ ಅಂತ ಗೊತ್ತಿರಲಿ. ಪರೀಕ್ಷೆ ಕೊಠಡಿಗೆ ಗ್ಲೂಕೋಸ್ ಬಿಡಲ್ಲ ಅಂದರೆ, 2017ರಲ್ಲೇ ಸಿಬಿಎಸ್‌ಇ ತನ್ನ ಬೋರ್ಡ್ ಪರೀಕ್ಷೆಗೆ ಟೈಪ್ ಒನ್ ಮಕ್ಕಳು ತಿನ್ನುವ ವಸ್ತು ಒಯ್ಯಲು ಅವಕಾಶ ಕೊಟ್ಟಿದೆ ಅಂತ ತಿಳಿಸಿ, ಡಾಕ್ಟರ ಪತ್ರ ಜೊತೆಗಿಟ್ಟು ಮೊದಲೇ ಅನುಮತಿ ಕೇಳಿ.

ಹೆಜ್ಜೆ 7: ಮೂರು ತಿಂಗಳಾದರೂ ಎಚ್ಚರ ಮರಳದಿದ್ದರೆ

ಎಚ್ಚರ ಮರಳಿದವರು ಗುರಿಯನ್ನು ನಿಧಾನವಾಗಿ ಕೆಳಗೆ ತರಬಹುದು. ನನ್ನ ಎಚ್‌ಬಿಎ1ಸಿ ಈಗ 6.9ರ ಸುತ್ತ ನಿಂತಿದೆ, 70ರ ಕೆಳಗಿನ ಸಮಯ ಶೇಕಡಾ 2. ಹಳೆಯ 6.4ಕ್ಕೆ ನಾನು ಹಿಂದಿರುಗುವುದಿಲ್ಲ.

ಮರಳದವರೂ ಇದ್ದಾರೆ, ಅದರಲ್ಲೂ ಇಪ್ಪತ್ತು ಮೂವತ್ತು ವರ್ಷದಿಂದ ಕಾಯಿಲೆ ಇರುವವರು. ಅದು ಅವರ ತಪ್ಪಲ್ಲ. ಅಂಥವರು ಎಂಡೋಕ್ರೈನ್ (ಹಾರ್ಮೋನು ಕಾಯಿಲೆಗಳ) ಡಾಕ್ಟರ ಹತ್ತಿರ ಹೋಗಿ, ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಇದೆ. ಹೋಗುವಾಗ ಎರಡು ವಾರದ ಶುಗರ್ ಪುಸ್ತಕ, ಬಳಸುವ ಪೆನ್ ಅಥವಾ ಸಿರಿಂಜು, ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ, ಜೊತೆಗೆ ನಿಮ್ಮ ಲೋ ನೋಡಿದ ಒಬ್ಬರು ಇರಲಿ. ಕಾರಣ ಗೊತ್ತಾಗದ ಲೋಗಳಿದ್ದರೆ ಕಿಡ್ನಿ, ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಮತ್ತು ಅಡ್ರಿನಲ್ ಗ್ರಂಥಿಯ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ, ಟೈಪ್ ಒನ್ ಇರುವವರಲ್ಲಿ ಇವು ಜೊತೆಗೂಡಿ ಬರುವುದುಂಟು. ಅಲಾರಂ ಇರುವ ಸೆನ್ಸರ್, ಶುಗರ್ ಇಳಿಯುವಾಗ ತಾನಾಗಿ ಇನ್ಸುಲಿನ್ ನಿಲ್ಲಿಸುವ ಪಂಪ್, ಇವು ಯಾರಿಗಾದರೂ ಮೊದಲು ಸಿಗಬೇಕು ಅಂದರೆ ಅದು ಇವರಿಗೆ. ಅಷ್ಟು ದುಡ್ಡು ಹೊಂದಿಸಲು ಆಗದವರು ವರ್ಷಕ್ಕೆ ಎರಡು ಸಲ, ಹದಿನಾಲ್ಕು ದಿನದ ಒಂದು ಸೆನ್ಸರ್ ಮಾತ್ರ ಹಾಕಿಸಿ, ಅದರಲ್ಲಿ ರಾತ್ರಿ 12ರಿಂದ ಬೆಳಗ್ಗೆ 6ರವರೆಗಿನ ಗೆರೆಯನ್ನು ಡಾಕ್ಟರ ಮುಂದಿಟ್ಟು ಮಾತಾಡಿ.